ಆರು ಜನರ ಲೆಕ್ಕ

ಹುಕ್ಕೇರಿ ಕಡೆಯ ದಡ್ಡಿಯಂಥ ಊರಿನಲ್ಲಿ ಜಾತ್ರೆ ನೆರೆದಿದೆಯೆನ್ನಿ. ಸಂದಣಿಯಲ್ಲಿ ಯಾವ ಆರು ಜನರನ್ನಾದರೂ ಆರಿಸಿರಿ. ಅವರಲ್ಲಿ ಒಬ್ಬರನ್ನೊಬ್ಬರು ಬಲ್ಲ ಮೂವರಾದರೂ, ಒಬ್ಬರನ್ನೊಬ್ಬರು ಅರಿಯದ ಮೂವರಾದರೂ ಇದ್ದೇ ಇರುತ್ತಾರೆ. ಇದು ಆಕಸ್ಮಿಕವಲ್ಲ, ಗಣಿತದ ಕಟ್ಟಳೆ.

ಹೇಗೆಂದು ನೋಡೋಣ. ಆ ಆರು ಜನರಲ್ಲಿ ಬಸಪ್ಪನೆಂಬೊಬ್ಬನಿರಲಿ. ಉಳಿದ ಐವರನ್ನು ಅವನ ಗುರುತಿನವರು, ಗುರುತಿಲ್ಲದವರು ಎಂದು ಎರಡು ಪಾಲು ಮಾಡಿದರೆ, ಒಂದು ಪಾಲಿಗೆ ಕನಿಷ್ಠ ಮೂವರು ಬರಲೇಬೇಕು. ಗುರುತಿನವರೇ ಮೂವರೆನ್ನೋಣ. ಅವರಲ್ಲಿ ಯಾರಾದರಿಬ್ಬರು ಪರಸ್ಪರ ಬಲ್ಲವರಾದರೆ, ಬಸಪ್ಪನೂ ಸೇರಿ ಪರಿಚಿತರು ಮೂವರಾದರು. ಯಾರೂ ಯಾರನ್ನೂ ಅರಿಯರಾದರೆ, ಆ ಮೂವರೇ ಅಪರಿಚಿತರ ಗುಂಪಾದರು. ಇನ್ನೊಂದು ಪಾಲಿನಲ್ಲಿ ಮೂವರಿದ್ದರೂ ವಾದ ಇದೇ. ಆದರೆ ಐವರಿಗೆ ಈ ಮಾತು ಸಲ್ಲದು. ಸುತ್ತಲೂ ಕುಳಿತ ಐವರಲ್ಲಿ ಪ್ರತಿಯೊಬ್ಬನೂ ತನ್ನ ಎಡಬಲದವರನ್ನು ಮಾತ್ರ ಬಲ್ಲನಾದರೆ ಅಂಥ ಮೂವರು ಸಿಗುವುದಿಲ್ಲ.

ಈ ವಿಚಾರಕ್ಕೆ ತಳಹದಿ ಹಾಕಿದವನು ಕೇಂಬ್ರಿಜ್ಜಿನ ಫ್ರ್ಯಾಂಕ್ ರ್ಯಾಮ್ಸೆ. 1930ರಲ್ಲಿ, 26ನೆಯ ವಯಸ್ಸಿನಲ್ಲೇ ತೀರಿಕೊಂಡ. ಎಷ್ಟೇ ದೊಡ್ಡ ಗುಂಪನ್ನು ಬಯಸಿದರೂ, ಸಮುದಾಯ ಸಾಕಷ್ಟು ಹಿರಿದಾದರೆ, ಎಲ್ಲರೂ ಪರಿಚಿತರಾದ ಅಥವಾ ಎಲ್ಲರೂ ಅಪರಿಚಿತರಾದ ಅಂಥದೊಂದು ಗುಂಪು ತಪ್ಪದೆ ದೊರೆಯುವುದೆಂದು ಅವನು ತೋರಿಸಿದ. ಸಂಪೂರ್ಣ ಅಸ್ತವ್ಯಸ್ತತೆ ಎಂಬುದೇ ಇಲ್ಲವೆಂದಾಯಿತು.

ಆದರೆ ಎಷ್ಟು ಜನರಿದ್ದರೆ ಸಾಕು? ಮೂವರ ಗುಂಪಿಗೆ 6, ನಾಲ್ವರ ಗುಂಪಿಗೆ 18. ಐವರ ಗುಂಪಿಗೆ ಬೇಕಾದ ಸಂಖ್ಯೆ 43ಕ್ಕೆ ಕಡಮೆಯಲ್ಲ, 46ಕ್ಕೆ ಹೆಚ್ಚಲ್ಲ ಎಂಬಷ್ಟೇ ಗೊತ್ತು. ಗಣಕಯಂತ್ರಕ್ಕೆ ಒಪ್ಪಿಸಬಾರದೆ ಎನ್ನುವಿರಾ? ಹಲವರಲ್ಲಿ ಕೆಲವರನ್ನು ಆರಿಸುವ ಬಗೆಗಳನ್ನು ಎಣಿಸುವ ಸೂತ್ರವನ್ನು ನಮ್ಮ ನಾಡಿನ ಮಹಾವೀರಾಚಾರ್ಯ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲೇ, ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದಾನೆ. ಅದರಂತೆ 43 ಜನರಲ್ಲಿ 903 ಜೋಡಿಗಳು. ಪ್ರತಿ ಜೋಡಿಗೂ ಪರಿಚಯ ಉಂಟು, ಇಲ್ಲ ಎಂದು ಎರಡು ಬಗೆ. ಒಟ್ಟು ಬಗೆಗಳನ್ನು ಬರೆಯಲು 272 ಅಂಕಿಗಳು ಬೇಕು! ಒಂದೊಂದನ್ನೇ ಪರೀಕ್ಷಿಸಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ.

ಬಯಸಿದ ಗುಂಪಿಗೆ ಒಬ್ಬನನ್ನು ಸೇರಿಸಿದಂತೆಲ್ಲ ಬೇಕಾಗುವ ಜನಸಂಖ್ಯೆ ಹೆಚ್ಚುಕಡಮೆ ನಾಲ್ಕು ಪಟ್ಟು ಬೆಳೆದರೆ ಸಾಕೆಂದು ಹಂಗೆರಿಯ ಎರ್ಡಿಶ್ ಮತ್ತು ಸೆಕೆರೆಶ್ 1935ರಲ್ಲಿ ಸಾಧಿಸಿದರು. ಆ ನಾಲ್ಕನ್ನು ಇಳಿಸಲು ದಶಕಗಳ ಕಾಲ ಯಾರಿಂದಲೂ ಆಗಲಿಲ್ಲ. 2023ರಲ್ಲಿ ಕಾಂಪೋಸ್, ಗ್ರಿಫಿತ್ಸ್, ಮಾರಿಸ್, ಸಹಸ್ರಬುದ್ಧೆ ಎಂಬ ನಾಲ್ವರು ಅದನ್ನು ನಾಲ್ಕಕ್ಕಿಂತ ಕೂದಲೆಳೆಯಷ್ಟು ಕೆಳಗಿಳಿಸಿದರು. ಇಳಿದದ್ದು ಅಲ್ಪವೇ, ಆದರೆ ಕದಲದೆಂದು ತೋರಿದ್ದ ಬಂಡೆ ಕದಲಿತು, ಅದೇ ದಾರಿಯಲ್ಲಿ ಮುಂದಿನವರು ಇನ್ನೂ ಕೆಳಗಿಳಿಸಿದ್ದಾರೆ. ಎರ್ಡಿಶ್ 1947ರಲ್ಲಿ ತೋರಿಸಿದ ಕೆಳಗಿನ ಮಿತಿ ಮಾತ್ರ ಇಂದಿಗೂ ಸುಮಾರು 1.41 ಪಟ್ಟಿನಲ್ಲೇ ನಿಂತಿದೆ. ಇವೆರಡರ ನಡುವೆ ನಿಜ ಎಲ್ಲಿದೆಯೆಂಬುದನ್ನು ಕಂಡುಹಿಡಿಯುವ ಕೆಲಸ ಮುಂದಿನವರದು. ಈ ಮಾತನ್ನು ಕೇಳುತ್ತಿರುವ ಯಾರದೋ ಮನೆಯ ಹುಡುಗಿಯದೂ ಆಗಬಹುದು.