ತಾನೇ ನುಡಿಯುವ ಪಿಯಾನೋ ಮತ್ತು ಹಾಡುಗಳ ಯಾದಿ

(ಸಂಘದ ಉಚಿತ ವಾಚನಾಲಯದಲ್ಲಿ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತಿನ ವಿಷಯವನ್ನು ಕಾರ್ಯದರ್ಶಿಗಳು ಹೊರಗಿನ ಫಲಕದ ಮೇಲೆ ಬರೆದಾಗ ನಮ್ಮ ಸದಸ್ಯರೊಬ್ಬರು, "ಇಲ್ಲಿ ಯಾರ ಮನೆಯಲ್ಲಿ ಸ್ವಾಮಿ ಪಿಯಾನೋ ಇದೆ?" ಎಂದು ಕೇಳಿದರಂತೆ. ಕೇಳಿದ್ದು ಸರಿಯೇ. ನಾನಿರುವ ಖೋಲಿಯಲ್ಲಿ ಒಂದು ಪಿಯಾನೋ ಇಟ್ಟರೆ ಮನೆಮಂದಿಯೆಲ್ಲ ಚಾಳಿನ ಗ್ಯಾಲರಿಯಲ್ಲಿ ಮಲಗಬೇಕಾದೀತು. ಆದರೆ ನಮ್ಮದಲ್ಲದ ವಸ್ತುಗಳು ನಮ್ಮ ಕೈಗೆ ಬಂದು ಕೂರುವುದು ಈ ಮುಂಬಯಿಯ ರೀತಿ. ಪರರ ಲೆಕ್ಕ ಬರೆಯುತ್ತೇವೆ, ಪರರ ಮೋಟಾರು ಓಡಿಸುತ್ತೇವೆ, ಪರರ ಅಡಿಗೆಮನೆಯ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇವೆ. ಹಾಗೆಯೇ 2019ರ ಮಳೆಗಾಲದಲ್ಲಿ ಪರರ ಪಿಯಾನೋ ಒಂದು ನನ್ನ ಪಾಲಿಗೆ ಬಂತು.

ನಮ್ಮ ಚಾಳಿನಲ್ಲಿ ಉಡುಪಿಯ ಕಡೆಯ ಒಬ್ಬರು ಇದ್ದಾರೆ; ದಕ್ಷಿಣ ಮುಂಬಯಿಯ ಒಂದು ಹಳೆಯ ಪಾರಸಿ ಮನೆಯಲ್ಲಿ ಅಡಿಗೆಯವರು. ಒಂದು ರಾತ್ರಿ ಬಂದು, "ಮಾರಾಯ್ರೆ, ನೀವು ಕಂಪ್ಯೂಟರಿನವರಲ್ಲವೊ? ನಮ್ಮ ಯಜಮಾನರ ಪಿಯಾನೋ ಉಂಟು, ಮುಟ್ಟುವವರಿಲ್ಲದೆ ಪಟ್ಟಿಗಳು ತನ್ನಷ್ಟಕ್ಕೇ ಇಳಿಯುತ್ತವೆ. ನನಗಂತೂ ದೀಪ ಆರಿಸಿದ ಮೇಲೆ ಆ ಕೋಣೆಗೆ ಹೋಗಲು ಧೈರ್ಯವಿಲ್ಲ. ಅದರ ಹಾಡುಗಳೆಲ್ಲ ಕಲಸಿಹೋಗಿವೆಯಂತೆ, ಸರಿಮಾಡಿಕೊಡುವವರು ಬೇಕಂತೆ" ಎಂದರು. ನಾನು ಲೆಕ್ಕದ ಗುಮಾಸ್ತ, ಸಂಗೀತದವನಲ್ಲ. ಆದರೂ ಕಲಸಿಹೋದುದನ್ನು ಬಿಡಿಸಿ ಬರೆಯುವುದೇ ಕಸುಬಾದ್ದರಿಂದ ಒಪ್ಪಿಕೊಂಡೆ.

ಯಂತ್ರದ ಪೂರ್ವೋತ್ತರ ಮೊದಲು ಹೇಳುತ್ತೇನೆ. ತಾನೇ ನುಡಿಯುವ ಪಿಯಾನೋ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಎಡ್ವಿನ್ ವೋಟಿ ಎಂಬಾತ 1895ರ ಸುಮಾರಿಗೆ ಪಿಯಾನೋಲ ಎಂಬ ಯಂತ್ರವನ್ನು ಕಟ್ಟಿದ. ಅದರಲ್ಲಿ ತೂತು ಕೊರೆದ ಕಾಗದದ ಸುರುಳಿಯೇ ಹಾಡು. ಕಾಲಿನಿಂದ ತಿದಿ ಒತ್ತಿದರೆ ಒಳಗೆ ಗಾಳಿಯ ಸೆಳೆತ ಹುಟ್ಟುತ್ತದೆ. ಸುರುಳಿ ಸರಿಯುತ್ತ ತೂತು ಎದುರಾದಾಗ ಗಾಳಿ ನುಗ್ಗಿ, ಪುಟ್ಟ ತಿದಿಯೊಂದು ಕುಗ್ಗಿ, ಆ ಸ್ವರದ ಸುತ್ತಿಗೆಯನ್ನು ತಂತಿಗೆ ಬಡಿಸುತ್ತದೆ. ಆರಂಭದಲ್ಲಿ ಕಂಪೆನಿಗೊಂದು ಅಳತೆ. ಒಬ್ಬರ ಸುರುಳಿ ಇನ್ನೊಬ್ಬರ ಯಂತ್ರಕ್ಕೆ ಆಗದು. ಕಡೆಗೆ 1908ರಲ್ಲಿ ನ್ಯೂಯಾರ್ಕ್ ಪ್ರಾಂತದ ಬಫಲೋ ನಗರದಲ್ಲಿ ತಯಾರಕರೆಲ್ಲ ಸೇರಿ 88 ಸ್ವರ, ಅಂಗುಲಕ್ಕೆ 9 ತೂತು ಎಂದು ನಿಶ್ಚಯಿಸಿದರು. ಗ್ರಾಹಕನಿಗೆ ಅಂದು ನೆಮ್ಮದಿ.

ಆ ಸುರುಳಿಗಳಲ್ಲಿ ನನಗೆ ಮೆಚ್ಚುಗೆಯಾದ ಒಂದು ಸಂಗತಿ ಉಂಟು. ಕಾಗದದ ತಲೆಯಲ್ಲೇ ವೇಗವನ್ನು ಅಚ್ಚು ಹಾಕಿರುತ್ತಾರೆ. 70 ಎಂದಿದ್ದರೆ ನಿಮಿಷಕ್ಕೆ 7 ಅಡಿ ಕಾಗದ ಓಡಬೇಕು ಎಂದರ್ಥ. 80 ಎಂದಿದ್ದರೆ 8 ಅಡಿ. ಕೂತವನು ಸನ್ನೆಯನ್ನು ಆ ಅಂಕಿಗೆ ಸರಿಸಿದರೆ ಸಾಕು. ಪೆಟ್ಟಿಗೆಯ ತುದಿಯಲ್ಲಿ ಚೀಟಿ, ಚೀಟಿಯ ಮೇಲೆ ಹಾಡಿನ ಹೆಸರು ಮತ್ತು ನಂಬರು. ಕಪಾಟಿನಲ್ಲಿ ಅಡ್ಡಲಾಗಿ ಜೋಡಿಸಿದರೆ ಚೀಟಿಗಳೇ ಯಾದಿ. ಇಂದು ಸಾವಿರ ಹಾಡುಗಳನ್ನು ಬೆರಳುದ್ದದ ಪೆನ್‌ಡ್ರೈವಿನಲ್ಲಿ ತುಂಬುವ ನಾವು ಅಷ್ಟು ಅಚ್ಚುಕಟ್ಟಾಗಿ ಇಡುತ್ತೇವೆಯೆ?

ಈ ಯಂತ್ರದಿಂದ ವಾದ್ಯಗಾರರ ಅನ್ನಕ್ಕೆ ಕುತ್ತು ಬರುವುದೆಂದು ಆಗಲೇ ಕೂಗೆದ್ದಿತ್ತು. ಸೂಸಾ ಎಂಬ ಪ್ರಸಿದ್ಧ ವಾದ್ಯಮೇಳದ ನಾಯಕ 1906ರಲ್ಲಿ ಯಾಂತ್ರಿಕ ಸಂಗೀತದ ವಿರುದ್ಧ ಖಾರವಾದ ಲೇಖನ ಬರೆದ. ತೂತಿನ ಕಾಗದ ಸಂಗೀತದ ನಕಲಲ್ಲ, ಆದ್ದರಿಂದ ರಚಿಸಿದವನಿಗೆ ಏನೂ ಕೊಡಬೇಕಾಗಿಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1908ರಲ್ಲಿ ತೀರ್ಪಿತ್ತಿತು. ಮರುವರ್ಷವೇ ಅಲ್ಲಿಯ ಶಾಸನಸಭೆ ಕಾಯಿದೆ ಮಾಡಿ ಸುರುಳಿಗೆ 2 ಸೆಂಟಿನಂತೆ ಸಲ್ಲಬೇಕೆಂದು ವಿಧಿಸಿತು. ಎರಡು ಸೆಂಟು ಹೆಚ್ಚೆ ಕಡಿಮೆಯೆ ಎಂಬುದು ಬೇರೆ ಮಾತು. ಕೂಲಿ ಎಂಬುದು ಉಂಟೆಂದು ಒಪ್ಪಿಕೊಂಡರಲ್ಲ, ಅಷ್ಟು ಮಟ್ಟಿಗೆ ಸಂತೋಷ. ಆಮೇಲೆ ರೇಡಿಯೋ ಬಂತು, 1929ರ ಆರ್ಥಿಕ ಕುಸಿತ ಬಂತು, ಸುರುಳಿಗಳು ಅಟ್ಟ ಸೇರಿದವು.

ಮತ್ತೆ ಜೀವ ಬಂದದ್ದು ವಿದ್ಯುತ್ತಿನ ಯುಗದಲ್ಲಿ. 1983ರಲ್ಲಿ ಅಮೆರಿಕ, ಜಪಾನುಗಳ ವಾದ್ಯ ತಯಾರಕರು ಕೂಡಿ ಮಿಡಿ ಎಂಬ ಸಾಮಾನ್ಯ ಸಂಕೇತಭಾಷೆಯನ್ನು ಹೊರತಂದರು. ಇದೂ ಒಂದು ಬಫಲೋ ಒಪ್ಪಂದವೇ ಅನ್ನಿ. ಮಿಡಿ ಫೈಲಿನಲ್ಲಿ ಧ್ವನಿ ಇರುವುದಿಲ್ಲ. ಅಪ್ಪಣೆಗಳು ಮಾತ್ರ ಇರುತ್ತವೆ. ಯಾವ ಪಟ್ಟಿ, ಯಾವ ಗಳಿಗೆಯಲ್ಲಿ, 1ರಿಂದ 127ರೊಳಗೆ ಎಷ್ಟು ರಭಸದಿಂದ ಇಳಿಯಬೇಕು, ಕಾಲ್ಮೆಟ್ಟು ಯಾವಾಗ ಒತ್ತಬೇಕು, ಇಷ್ಟೇ. ಯಮಾಹದವರ ಡಿಸ್ಕ್‌ಲೇವಿಯರ್, 2015ರಲ್ಲಿ ಬಂದ ಸ್ಟೈನ್‌ವೇಯವರ ಸ್ಪಿರಿಯೋ ಮುಂತಾದವು ಈ ವಂಶದವು. ಪ್ರತಿ ಪಟ್ಟಿಯ ಹಿಂತುದಿಯ ಅಡಿಗೆ ಸೊಲೆನಾಯ್ಡ್ ಎಂಬ ವಿದ್ಯುತ್ ಕಾಂತ. ಅಪ್ಪಣೆ ಬಂದೊಡನೆ ಅದು ಹಿಂತುದಿಯನ್ನೆತ್ತುತ್ತದೆ, ಮುಂತುದಿ ತಾನಾಗಿ ಇಳಿಯುತ್ತದೆ, ನಮ್ಮ ಅಡಿಗೆಯವರು ಬೆದರುತ್ತಾರೆ. ನಿಜವಾದ ಸುತ್ತಿಗೆ ನಿಜವಾದ ತಂತಿಯನ್ನೇ ಬಡಿಯುವುದರಿಂದ ನಾದದಲ್ಲಿ ಕಪಟವಿಲ್ಲ.

ಪಿಯಾನೋ ಎಂದರೆ ನಮಗೆ ತೀರ ಪರಕೀಯವೆಂದೂ ಎಣಿಸಬೇಡಿ. ಮೈಸೂರಿನ ಜಯಚಾಮರಾಜ ಒಡೆಯರು ಅದನ್ನು ಬಲ್ಲವರು. ರಷ್ಯದ ಮೆಡ್ಟ್‌ನರ್ ಎಂಬ ಸಂಗೀತಕಾರರ ರಚನೆಗಳು ಗ್ರಾಮಫೋನ್ ತಟ್ಟೆಗಳಾಗಿ ಬರುವುದಕ್ಕೆ ಹಣ ಕೊಟ್ಟವರು ಅವರೇ.

ಇನ್ನು ಆ ಮನೆಯ ವಿಷಯ. ವಾದ್ಯ ಹಳೆಯ ಮಾದರಿಯದು, ಮೂರೂವರೆ ಅಂಗುಲದ ಫ್ಲಾಪಿ ತಿನ್ನುವಂಥದು. ಕಂಪೆನಿಯ ಹೆಸರು ಇಲ್ಲಿ ಬೇಡ. ಮೂರು ಬಿಸ್ಕತ್ತಿನ ಡಬ್ಬಿಗಳಲ್ಲಿ 112 ಫ್ಲಾಪಿಗಳು. ಮುಂಬಯಿಯ ಮಳೆಗಾಲದ ಹವೆ ತಮಗೆ ಗೊತ್ತು. ಅಂಟು ಸಡಿಲಿ ಅರ್ಧಕ್ಕರ್ಧ ಚೀಟಿಗಳು ಡಬ್ಬಿಯ ತಳದಲ್ಲಿ ಬಿದ್ದಿದ್ದವು. ಯಜಮಾನರಿಗೆ ಎಂಬತ್ತು ದಾಟಿದೆ, ಮಾತು ಕಡಿಮೆ. "ಎಲ್ಲವನ್ನೂ ಒಂದು ಕಡೆ ಸೇರಿಸಿ, ಹೆಸರು ಹಾಕಿಕೊಡಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಲ್ಯಾಮಿಂಗ್ಟನ್ ರಸ್ತೆಯಲ್ಲಿ ಫ್ಲಾಪಿ ಓದುವ ಸಾಧನವೊಂದನ್ನು ಕೊಂಡು ತಂದೆ. ಚೀಟಿ ಇದ್ದವು ಒಂದು ಗುಂಪು, ಇಲ್ಲದವು ಒಂದು ಗುಂಪು ಮಾಡಿದೆ. ಚೀಟಿ ಇಲ್ಲದವು ಖಾಲಿ ಇರಬಹುದು, ಅಳಿಸಿ ಮತ್ತೆ ಬಳಸೋಣವೆಂದು ನನ್ನ ಜಾಣತನ. ಅದರಲ್ಲಿ ಒಂದನ್ನು ತೂರಿಸಿದೆ. "ಈ ಡಿಸ್ಕು ಫಾರ್ಮ್ಯಾಟ್ ಆಗಿಲ್ಲ, ಫಾರ್ಮ್ಯಾಟ್ ಮಾಡಲೆ?" ಎಂದು ಕಂಪ್ಯೂಟರು ಕೇಳಿತು. ಬೆರಳು ಗುಂಡಿಯ ಮೇಲೆಯೇ ಇತ್ತು. ಕಛೇರಿಯಲ್ಲಿ ದಿನಕ್ಕೆ ಹತ್ತು ಸಲ ಹೌದು ಎಂದು ಒತ್ತುವ ಬೆರಳು ಅದು. ಅಷ್ಟರಲ್ಲಿ ಅಡಿಗೆಯವರು ಚಹ ತಂದಿಟ್ಟರು, ಕೈ ಆ ಕಡೆ ಹೋಯಿತು. ಕುಡಿಯುತ್ತ ಯೋಚಿಸಿದೆ: ಕಂಪ್ಯೂಟರಿಗೆ ಓದಲು ಬಾರದೆಂದರೆ ಖಾಲಿ ಎಂದರ್ಥವಲ್ಲವಷ್ಟೆ. ನಮ್ಮ ಸಾಹೇಬರಿಗೆ ಕನ್ನಡ ಓದಲು ಬರುವುದಿಲ್ಲ, ಹಾಗೆಂದು ನಮ್ಮ ಪುಸ್ತಕಗಳೆಲ್ಲ ಖಾಲಿಯೆ?

ಫ್ಲಾಪಿಯ ಮೂಲೆಯ ಗುಂಡಿಯನ್ನು ಸರಿಸಿ ಕಿಂಡಿ ತೆರೆದೆ. ಕಿಂಡಿ ತೆರೆದಿದ್ದರೆ ಅದರ ಮೇಲೆ ಯಾರೂ ಏನೂ ಬರೆಯಲಾರರು. ಆಮೇಲೆ ಅದನ್ನು ಪಿಯಾನೋದ ಬಾಯಿಗೇ ಕೊಟ್ಟೆ. ಎರಡು ಗಳಿಗೆ ಕಿರ್ರೆಂದು, ಪಟ್ಟಿಗಳು ಇಳಿಯತೊಡಗಿದವು. ಅಂಗಡಿಯ ಹಾಡಿನಂತೆ ನುಣುಪಾಗಿರಲಿಲ್ಲ. ನಡುನಡುವೆ ಕೈ ತಡವರಿಸುತ್ತಿತ್ತು. ಒಂದೆಡೆ ತಪ್ಪು ಸ್ವರ, ಕೊಂಚ ನಿಂತು, ಮತ್ತೆ ಮುಂದಕ್ಕೆ. ಕೆಲವು ಪಟ್ಟಿಗಳು ಇಳಿದರೂ ನಾದ ಹೊರಡುತ್ತಿರಲಿಲ್ಲ. ತಲೆಯೆತ್ತಿ ನೋಡಿದರೆ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಇಂಥ ಪಿಯಾನೋಗಳ ಪಟ್ಟಿಗಳ ಕೆಳಗೆ ಸಂವೇದಕಗಳಿದ್ದು, ಯಾರಾದರೂ ನುಡಿಸಿದರೆ ಅದನ್ನು ಹಾಗೆಯೇ ದಾಖಲಿಸಿಕೊಳ್ಳುತ್ತವೆ. ಅದು ಅವರ ಪತ್ನಿ ನುಡಿಸಿದ್ದು. ಆಕೆ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಫ್ಲಾಪಿ ಕಳೆದುಹೋಯಿತೆಂದೇ ಅವರು ತಿಳಿದಿದ್ದರು.

ಅಂದು ನಾನು ಬೇರೇನೂ ಮಾಡದೆ ಮನೆಗೆ ಬಂದೆ. ಮುಂದಿನ ರವಿವಾರದಿಂದ ಕೆಲಸದ ಕ್ರಮವನ್ನೇ ಬದಲಿಸಿದೆ. ಆ ಕ್ರಮ ತಮ್ಮ ಮೊಬೈಲಿನ ಹಾಡುಗಳಿಗೂ, ಗಣೇಶೋತ್ಸವದ ಭಜನೆಯ ಪೆನ್‌ಡ್ರೈವಿಗೂ ಒದಗಬಹುದೆಂದು ಹೇಳುತ್ತೇನೆ.

ಮೊದಲು ಎಲ್ಲ ಫ್ಲಾಪಿಗಳ ಕಿಂಡಿ ತೆರೆದೆ. ಪ್ರತಿಯೊಂದಕ್ಕೂ, ಚೀಟಿ ಇರಲಿ ಇಲ್ಲದಿರಲಿ, ಮಸಿಯಿಂದ ನಂಬರು ಹಾಕಿದೆ; ನಮ್ಮ ವಾಚನಾಲಯದಲ್ಲಿ ಪುಸ್ತಕ ಬಂದೊಡನೆ ದಾಖಲೆ ನಂಬರು ಹಾಕುವಂತೆ. ನಂಬರನ್ನು 001, 002 ಎಂದೇ ಬರೆಯಬೇಕು. ಬರಿಯ 1, 2 ಎಂದು ಹೆಸರಿಟ್ಟರೆ ಅನೇಕ ಯಂತ್ರಗಳು 1 ಆದ ಮೇಲೆ 10, 11 ಎಂದು ಜೋಡಿಸಿ, 2ನ್ನು ಎಲ್ಲೋ ಹಿಂದಕ್ಕೆ ತಳ್ಳುತ್ತವೆ. ಹಳೆಯ ಯಂತ್ರಗಳಲ್ಲಿ ಫೈಲಿನ ಹೆಸರಿಗೆ ಎಂಟೇ ಅಕ್ಷರ. ಆದ್ದರಿಂದ ಹೆಸರಿನಲ್ಲಿ ಕಥೆ ಬರೆಯಲು ಹೋಗದೆ ನಂಬರು ಮಾತ್ರ ಇಟ್ಟು, ಉಳಿದುದನ್ನು ಒಂದು ಉದ್ದನೆಯ ವಹಿಯಲ್ಲಿ ಬರೆದೆ: ಹಾಡು, ರಚಿಸಿದವರು, ನುಡಿಸಿದವರು, ಎಷ್ಟು ನಿಮಿಷ, ಯಾವ ಸೆಟ್ಟಿಂಗಿನಲ್ಲಿ ಕೇಳಲು ಚೆನ್ನ. ಫೈಲಿನ ಹೆಸರು ಬೇರೆ, ಫೈಲಿನ ಒಳಗೆ ಬರೆದ ಶೀರ್ಷಿಕೆ ಬೇರೆ; ಕೆಲವು ಪಿಯಾನೋಗಳು ಒಳಗಿನ ಶೀರ್ಷಿಕೆಯನ್ನೇ ತೋರಿಸುವುದರಿಂದ ಎರಡನ್ನೂ ನೋಡಬೇಕು. ಮಿಡಿ ಫೈಲಿನಲ್ಲೂ ಜಾತಿಭೇದ ಉಂಟು. 0 ಮಾದರಿಯಲ್ಲಿ ಎಲ್ಲ ಅಪ್ಪಣೆಗಳೂ ಒಂದೇ ಸಾಲಿನಲ್ಲಿ. 1 ಮಾದರಿಯಲ್ಲಿ ಬೇರೆ ಬೇರೆ ಸಾಲುಗಳಲ್ಲಿ. ಅನೇಕ ಹಳೆಯ ವಾದ್ಯಗಳು ಮೊದಲನೆಯದನ್ನು ಮಾತ್ರ ಒಪ್ಪುತ್ತವೆ. ಮೂಲವನ್ನು ಮುಟ್ಟದೆ, ನಕಲನ್ನು ಪರಿವರ್ತಿಸಿಕೊಳ್ಳುವುದು ಕ್ಷೇಮ.

ಕಂಪ್ಯೂಟರು ಓದದ ಫ್ಲಾಪಿಗಳಿಗೆ ಬೇರೆ ದಾರಿ. ಪಿಯಾನೋದ ಮಿಡಿ ತೂತಿನಿಂದ ಕಂಪ್ಯೂಟರಿಗೆ ತಂತಿ ಎಳೆದು, ನುಡಿಯುವುದನ್ನು ಹೊರಕ್ಕೂ ಕಳುಹಿಸುವಂತೆ ಸೆಟ್ಟಿಂಗನ್ನು ತಿರುಗಿಸಿ, ಹಾಡು ನಡೆಯುತ್ತಿದ್ದಂತೆಯೇ ಬರೆದುಕೊಳ್ಳುವುದು. ನಿಧಾನದ ಕೆಲಸ, ಮೂರು ರವಿವಾರ ಹಿಡಿಯಿತು. ಆಮೇಲೆ ಫ್ಲಾಪಿಯ ಬಾಯಿದ್ದ ಕಡೆ ಪೆನ್‌ಡ್ರೈವ್ ಹಿಡಿಯುವ ಪುಟ್ಟ ಪೆಟ್ಟಿಗೆಯನ್ನು ಕೂರಿಸಿದೆವು.

ಹಾಡುಗಳ ವಿಂಗಡಣೆಯನ್ನು ರಚಿಸಿದವರ ಹೆಸರಿನಂತೆ ಮಾಡಲು ಹೊರಟು ನಾನು ಸೋತೆ. ಯಜಮಾನರು ಕೇಳುವುದು ಬೆಳಗ್ಗೆ ಒಂದು ಬಗೆ, ಸಂಜೆ ಚಹದ ಹೊತ್ತಿಗೆ ಒಂದು ಬಗೆ. ಹೊತ್ತಿನಂತೆ ವಿಂಗಡಿಸಿದ ಮೇಲೆ ಅವರಿಗೆ ಹಿಡಿಸಿತು.

ಸೆಟ್ಟಿಂಗುಗಳಲ್ಲಿ ಎಲ್ಲರೂ ಎಡವುವುದು ಧ್ವನಿಯ ಪ್ರಮಾಣದಲ್ಲಿ. ರೇಡಿಯೋದ ತಿರುಪನ್ನು ಇಳಿಸಿದಂತೆ ಇಲ್ಲಿ ಇಳಿಸಿದರೆ ಸುತ್ತಿಗೆಯ ರಭಸವೇ ಕಡಿಮೆಯಾಗುತ್ತದೆ. ಮೊದಲೇ ಮೆಲ್ಲಗಿದ್ದ ಸ್ವರಗಳ ಸುತ್ತಿಗೆ ತಂತಿಯವರೆಗೆ ಹೋಗದೆ ನಡುದಾರಿಯಲ್ಲಿ ಹಿಂತಿರುಗುತ್ತದೆ. ಆ ದಿನ ಪಟ್ಟಿ ಇಳಿದರೂ ನಾದ ಬರದಿದ್ದುದಕ್ಕೆ ಇದೇ ಕಾರಣ. ಅಡಿಗೆಯವರು ತಮ್ಮ ಭಯಕ್ಕಾಗಿ ಧ್ವನಿಯನ್ನು ತೀರ ತಗ್ಗಿಸಿಟ್ಟಿದ್ದರು! ನಾಲ್ಕು ಹೆಜ್ಜೆ ಏರಿಸಿದೊಡನೆ ಆಕೆಯ ಮೆಲುಸ್ವರಗಳೆಲ್ಲ ಕೇಳಿಬಂದವು.

ಎರಡನೆಯದು ವಿಳಂಬ. ಬಲವಾಗಿ ಬಡಿಯುವ ಸುತ್ತಿಗೆ ಬೇಗ ತಂತಿ ಮುಟ್ಟುತ್ತದೆ, ಮೆಲ್ಲಗೆ ಏಳುವುದು ತಡವಾಗಿ ಮುಟ್ಟುತ್ತದೆ. ಅಪ್ಪಣೆ ಬಂದಂತೆ ನುಡಿಸಿದರೆ ತಾಳ ಕೆಡುತ್ತದೆ. ಆದ್ದರಿಂದ ಡಿಸ್ಕ್‌ಲೇವಿಯರಿನಂಥವು ಎಲ್ಲವನ್ನೂ ಅರ್ಧ ಸೆಕೆಂಡು ತಡೆದು, ಮೆಲುಸ್ವರವನ್ನು ಮುಂಚೆ ಹೊರಡಿಸಿ, ಗಟ್ಟಿ ಸ್ವರವನ್ನು ಹಿಂದೆ ಕಳುಹಿಸಿ, ಒಟ್ಟಿಗೆ ಮುಟ್ಟಿಸುತ್ತವೆ. ಹಾಡು ಕೇಳುವಾಗ ಈ ವಿಳಂಬ ಇರಲೇಬೇಕು. ಹೊರಗಿನ ಕೀಬೋರ್ಡಿನಿಂದ ಪಿಯಾನೋವನ್ನು ನುಡಿಸುವಾಗ ಮಾತ್ರ ಅದನ್ನು ತೆಗೆಯಬೇಕು. ಇಲ್ಲವಾದರೆ ಬೆರಳು ಇಂದು, ನಾದ ನಾಳೆ ಎಂಬಂತಾಗುತ್ತದೆ.

ಶ್ರುತಿ ಬದಲಿಸುವ ಗುಂಡಿಯನ್ನು ನಮ್ಮ ಹಾರ್ಮೋನಿಯಮ್ಮಿನವರಿಗೆ ವಿವರಿಸಬೇಕಾಗಿಲ್ಲ. ಕರಿ ಒಂದರ ಹಾಡನ್ನು ಕರಿ ಎರಡಕ್ಕೆ ಏರಿಸುವುದಷ್ಟೆ. ಆದರೆ ತಂತಿ ಬಿಗಿಸಿದ ಶ್ರುತಿಯನ್ನು ಯಾವ ಗುಂಡಿಯೂ ತಿದ್ದಲಾರದು. ಅದಕ್ಕೆ ಶ್ರುತಿ ಮಾಡುವವರೇ ಬರಬೇಕು, ಮಳೆಗಾಲ ಕಳೆದ ಮೇಲೆ ಬರುವುದು ಒಳಿತು.

ಒಂದು ಸಂಜೆ ಉತ್ಸಾಹದಿಂದ ಕನ್ನಡ ಚಿತ್ರಗೀತೆಯ ಮಿಡಿ ಫೈಲೊಂದನ್ನು ಹಾಕಿದೆ. ಪಿಯಾನೋ ಎಡತುದಿಯಲ್ಲಿ ಬಡಬಡನೆ ಹುಚ್ಚೆದ್ದು ಬಡಿಯತೊಡಗಿತು. ಮಿಡಿಯಲ್ಲಿ 16 ಹಾದಿಗಳು; 10ನೆಯದು ಡೋಲು ತಬಲೆಗಳಿಗೆ ಮೀಸಲು. ಎಲ್ಲ ಹಾದಿಗಳನ್ನೂ ಪಿಯಾನೋಕ್ಕೆ ಬಿಟ್ಟಿದ್ದೆನಾದ್ದರಿಂದ ತಬಲೆಯ ಪೆಟ್ಟೆಲ್ಲ ಪಟ್ಟಿಗಳ ಮೇಲೆ ಬಿತ್ತು. ಅದನ್ನು ಮುಚ್ಚಿದ ಮೇಲೂ ರುಚಿಯಾಗಲಿಲ್ಲ. ನಮ್ಮ ಹಾಡಿನ ಗಮಕವನ್ನು ಫೈಲಿನಲ್ಲಿ ಸ್ವರ ಬಾಗಿಸುವ ಅಪ್ಪಣೆಯಾಗಿ ಬರೆದಿರುತ್ತಾರೆ. ಬಿಗಿದ ತಂತಿ ಬಾಗುವುದೆಂತು? ಜಾರಬೇಕಾದ ಸ್ವರ ಕೋಲಿನಂತೆ ನಿಂತುಬಿಡುತ್ತದೆ. ಅಂಥ ಹಾದಿಯನ್ನು ವಾದ್ಯದ ಜೊತೆಗಿರುವ ವಿದ್ಯುನ್ನಾದದ ಪೆಟ್ಟಿಗೆಗೆ ಕಳುಹಿಸಿ, ಪಿಯಾನೋಕ್ಕೆ ಅದರ ಪಾಲನ್ನಷ್ಟೇ ಕೊಡಬೇಕು.

ಕೆಲಸ ಮುಗಿದ ದಿನ ಯಜಮಾನರಿಗೆ ವಹಿಯನ್ನು ಓದಿ ಹೇಳಿದೆ. ಅವರ ಪತ್ನಿಯ ಫೈಲಿನಲ್ಲಿ ಆ ತಪ್ಪು ಸ್ವರವನ್ನು ಕಂಪ್ಯೂಟರಿನಲ್ಲಿ ಸರಿಪಡಿಸಬಹುದು, ಎರಡು ನಿಮಿಷದ ಕೆಲಸ ಎಂದು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. "ಬೇಡ. ನಲವತ್ತು ವರ್ಷ ಅಲ್ಲೇ ತಪ್ಪುತ್ತಿದ್ದಳು" ಎಂದರು.

ವಹಿಯ ಮೊದಲ ಸಾಲು ಈಗ ಹೀಗಿದೆ: ನಂಬರು 001, ನುಡಿಸಿದವರು, ಮನೆಯವರು, ವೇಗ ಮೂಲದಂತೆ, ಶ್ರುತಿ ಮೂಲದಂತೆ, ವಿಳಂಬ ಇರಲಿ, ಪ್ರತಿಗಳು ಮೂರು, ಒಂದು ಬ್ಯಾಂಕಿನ ಪೆಟ್ಟಿಗೆಯಲ್ಲಿ, ತಿದ್ದತಕ್ಕದ್ದಲ್ಲ.