ಮಳೆಯ ಮುನ್ಸೂಚನೆ: ಕೇಳಿದರೆ ಸಾಲದು, ಸಂಘವಾಗಿ ನಡೆಯಬೇಕು

(ಉತ್ತರ ಕನ್ನಡ ಕರಾವಳಿಯ ಮಹಿಳಾ ಸ್ವಸಹಾಯ ಸಂಘಗಳ ಮಳೆಗಾಲ ಪೂರ್ವ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಹೀಗೆ ಐದೂ ತಾಲೂಕುಗಳಿಂದ ಮನೆಗೆಲಸ ಬಿಟ್ಟು, ಬಸ್ಸು ಹಿಡಿದು ಬಂದಿದ್ದೀರಿ. ಸಾಲ, ಉಳಿತಾಯ, ಲೆಕ್ಕದ ಪುಸ್ತಕ ಇವುಗಳ ಬಗ್ಗೆ ನಾವು ಬಹಳ ಸಲ ಮಾತಾಡಿದ್ದೇವೆ. ಇವತ್ತು ಮಳೆ ಮತ್ತು ಗಾಳಿಯ ಬಗ್ಗೆ ಮಾತಾಡೋಣ. ಇದೂ ಸಂಘದ ವಿಷಯವೇ. ಹೇಗೆ ಅನ್ನೋದನ್ನ ಕೊನೆಗೆ ನೀವೇ ಹೇಳುವಿರಿ.

ಮಳೆ ನಮಗೆ ಹೊಸದಲ್ಲ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ ಅಂತ ನಮ್ಮ ಅಜ್ಜಿಯರು ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು. ಯಾವ ಮಳೆಗೆ ಬೀಜ, ಯಾವ ಮಳೆಗೆ ನಾಟಿ, ನೂಲು ಹುಣ್ಣಿಮೆಗೆ ಕಡಲಿಗೆ ಕಾಯಿ, ಸೆಪ್ಟೆಂಬರ್ 8ರ ಮಾತೆ ಮರಿಯಳ ಹಬ್ಬಕ್ಕೆ ಹೊಸ ತೆನೆ. ಈ ಲೆಕ್ಕ ಸುಳ್ಳಲ್ಲ. ಆದರೆ ಇದು ಕಾಲದ ಲೆಕ್ಕ. ನಾಳೆ ರಾತ್ರಿ ಹೊಳೆ ಉಕ್ಕುತ್ತದೋ ಇಲ್ಲವೋ ಅಂತ ನಕ್ಷತ್ರ ಹೇಳೋದಿಲ್ಲ. ಅದಕ್ಕೆ ಹವಾಮಾನ ಇಲಾಖೆಯ ಮುನ್ಸೂಚನೆ ಬೇಕು.

ಮೊದಲು, ನಮ್ಮಲ್ಲೇ ಯಾಕೆ ಇಷ್ಟು ಮಳೆ? ಅರಬ್ಬೀ ಸಮುದ್ರದಿಂದ ನೈಋತ್ಯ ಗಾಳಿ ನೀರು ಹೊತ್ತು ಬರುತ್ತದೆ. ಎದುರಿಗೆ ಸಹ್ಯಾದ್ರಿ ಗೋಡೆಯ ಹಾಗೆ ನಿಂತಿದೆ. ಗಾಳಿ ಮೇಲೇರಲೇಬೇಕು, ಏರಿದಾಗ ತಣ್ಣಗಾಗುತ್ತದೆ, ಹೊತ್ತ ನೀರನ್ನು ಇಲ್ಲೇ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಗೆ ಸರಾಸರಿ ಸುಮಾರು 3,000 ಮಿಲಿಮೀಟರ್ ಮಳೆ. ಘಟ್ಟದ ಆಚೆ ಉತ್ತರ ಒಳನಾಡಿಗೆ ಅದೇ ನಾಲ್ಕು ತಿಂಗಳಲ್ಲಿ ಸುಮಾರು 500.

ಅಲರ್ಟ್ ಅಂದರೆ ಏನು?

ಟಿವಿಯವರು ಯೆಲ್ಲೋ, ಆರೆಂಜ್, ರೆಡ್ ಅನ್ನುತ್ತಾರೆ. ಅಂಗನವಾಡಿಗೆ, ಶಾಲೆಗೆ ರಜೆ ಇದೆಯೋ ಇಲ್ಲವೋ ಅಂತ ಮಾತ್ರ ನಾವು ಕೇಳುತ್ತೇವೆ! ಬಣ್ಣದ ಅರ್ಥ ಇಷ್ಟೇ. ಹಸಿರು, ಎಚ್ಚರಿಕೆ ಏನೂ ಇಲ್ಲ. ಹಳದಿ, ಗಮನ ಇಟ್ಟಿರಿ. ಕಿತ್ತಳೆ, ಸಿದ್ಧರಾಗಿರಿ. ಕೆಂಪು, ಈಗಲೇ ಕೆಲಸಕ್ಕೆ ಇಳಿಯಿರಿ.

ಮಳೆಯ ಅಳತೆಗೂ ಹೆಸರುಗಳಿವೆ. 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ‘ಭಾರೀ ಮಳೆ’. 115.6ರಿಂದ 204.4ರವರೆಗೆ ‘ಅತಿ ಭಾರೀ’. ಅದಕ್ಕೂ ಮೇಲೆ ಹೋದರೆ ‘ಅತ್ಯಂತ ಭಾರೀ’. ಈ 24 ಗಂಟೆಯನ್ನು ಬೆಳಿಗ್ಗೆ 8.30ರಿಂದ ಮರುದಿನ ಬೆಳಿಗ್ಗೆ 8.30ರವರೆಗೆ ಎಣಿಸುತ್ತಾರೆ. ಮಿಲಿಮೀಟರ್ ಅಂದರೆ ಕಣ್ಣಿಗೆ ಕಟ್ಟೋದಿಲ್ಲ, ಅಲ್ಲವೇ? ನಮ್ಮ ಕೊಡದ ಲೆಕ್ಕ ಮಾಡೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್ ನೀರು. 50 ಚದರ ಮೀಟರಿನ ಹಂಚಿನ ಮಾಡಿನ ಮೇಲೆ 200 ಮಿ.ಮೀ. ಬಿದ್ದರೆ 10,000 ಲೀಟರ್. ಹತ್ತು ಲೀಟರಿನ ಕೊಡವಾದರೆ ಸಾವಿರ ಕೊಡ. ಒಂದೇ ದಿನ, ಒಂದೇ ಮನೆಯ ಮೇಲೆ. ಮನೆಯ ಹಿಂದಿನ ಗುಡ್ಡದ ಮೇಲೆ ಎಷ್ಟು ಬಿದ್ದಿರಬಹುದು, ನೀವೇ ಯೋಚಿಸಿ.

“ಸಿಸ್ಟರ್, ರೆಡ್ ಅಂದ್ರು, ಬಿಸಿಲು ಬಿತ್ತು”

ಈ ಮಾತು ಪ್ರತಿ ವರ್ಷ ಕೇಳುತ್ತೇವೆ. ಎರಡು ಸಲ ಹೀಗಾದರೆ ಮೂರನೇ ಸಲ ಯಾರೂ ನಂಬೋದಿಲ್ಲ. ಅಪಾಯ ಇರೋದು ಅಲ್ಲೇ. ಅದಕ್ಕೇ ಮೂರು ಸಂಗತಿ ನೆನಪಿಡಬೇಕು.

ಒಂದು, ಅಲರ್ಟ್ ಕೊಡೋದು ಇಡೀ ಜಿಲ್ಲೆಗೆ. ನಮ್ಮ ಜಿಲ್ಲೆ ಭಟ್ಕಳದ ಕಡಲಿನಿಂದ ಹಳಿಯಾಳ, ಮುಂಡಗೋಡದ ಬಯಲಿನವರೆಗೆ ಇದೆ. ಒಂದು ಕಡೆ ಬಿಸಿಲು, ಒಂದು ಕಡೆ ಜಡಿಮಳೆ ಇರಲಿಕ್ಕೆ ಸಾಧ್ಯ.

ಎರಡು, ‘ಒಂದೆರಡು ಕಡೆ’, ‘ಕೆಲವೆಡೆ’, ‘ಹಲವೆಡೆ’, ‘ಬಹುತೇಕ ಎಲ್ಲೆಡೆ’ ಎನ್ನುವ ಮಾತು ಮಳೆ ಎಷ್ಟು ಜೋರು ಅಂತ ಹೇಳೋದಿಲ್ಲ, ಎಷ್ಟು ಊರಿಗೆ ಬೀಳಬಹುದು ಅಂತ ಹೇಳುತ್ತದೆ. ‘ಒಂದೆರಡು ಕಡೆ ಅತ್ಯಂತ ಭಾರೀ ಮಳೆ’ ಅಂದರೆ ಆ ಒಂದು ಕಡೆ ನಮ್ಮದೇ ಕೇರಿ ಆಗಿರಬಹುದು.

ಮೂರು, ನಮ್ಮ ಅಂಗಳಕ್ಕೆ ಮಳೆ ಬರದಿದ್ದರೂ ಹೊಳೆ ಬರಬಹುದು. ಗಂಗಾವಳಿಯ ನೀರು ಧಾರವಾಡದ ಕಡೆಯಿಂದ ಬೇಡ್ತಿಯಾಗಿ ಇಳಿದು ಬರುತ್ತದೆ. ಅಘನಾಶಿನಿ ಶಿರಸಿಯ ಕಡೆಯಿಂದ ಬರುತ್ತದೆ. ಕಾಳಿಗೆ ಕದ್ರಾ, ಶರಾವತಿಗೆ ಗೇರುಸೊಪ್ಪಾ ಅಣೆಕಟ್ಟು ಇದೆ. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ಕದ್ರಾದಿಂದ ನೀರು ಬಿಟ್ಟಾಗ ಕಾಳಿ ದಂಡೆಯ ಮನೆಗಳಿಗೆ ನೀರು ನುಗ್ಗಿದ್ದು ಇಲ್ಲಿ ಕೂತಿರುವ ಹಲವರಿಗೆ ಗೊತ್ತು. ಆದ್ದರಿಂದ ಹೊಳೆ ದಂಡೆಯವರು ಘಟ್ಟದ ಮೇಲಿನ ಮಳೆಯ ಸುದ್ದಿಯನ್ನೂ ಕೇಳಬೇಕು. ಹುಣ್ಣಿಮೆ, ಅಮಾವಾಸ್ಯೆಯ ಭರತದ ಹೊತ್ತಿಗೆ ಹೊಳೆಯ ನೀರು ಕಡಲಿಗೆ ಬೇಗ ಇಳಿಯೋದಿಲ್ಲ, ಹಿಂದಕ್ಕೆ ಒತ್ತಿ ಗದ್ದೆಗೆ, ಗಜನಿಗೆ ತುಂಬುತ್ತದೆ. ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಗುಡ್ಡ ಹೇಳುವ ಮಾತು

2022ರ ಆಗಸ್ಟ್ 2ರಂದು ಭಟ್ಕಳದ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ತೀರಿಹೋದರು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಜಾರಿತು. ಚಹಾದಂಗಡಿ ನಡೆಸುತ್ತಿದ್ದ ಕುಟುಂಬವೇ ಹೋಯಿತು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೂ ಅಪ್ಪಳಿಸಿತು. ಗುಡ್ಡ ಇದ್ದದ್ದು ಈಚೆ, ಮನೆ ಇದ್ದದ್ದು ಆಚೆ, ಆದರೂ ಸಾವು ತಪ್ಪಲಿಲ್ಲ. ಕಾರವಾರದ ಕಡವಾಡದಲ್ಲಿ ಗುಡ್ಡ ಕುಸಿದದ್ದು 2009ರ ಅಕ್ಟೋಬರ್‌ನಲ್ಲಿ. ಮಳೆಗಾಲ ಮುಗಿಯಿತು ಅಂತ ಎಲ್ಲರೂ ತಿಳಿದಿದ್ದ ಹೊತ್ತು ಅದು.

ಗುಡ್ಡ ಅನೇಕ ಸಲ ಮುಂಚೆಯೇ ಸೂಚನೆ ಕೊಡುತ್ತದೆ. ನೆಲದಲ್ಲಿ, ಗೋಡೆಯಲ್ಲಿ ಹೊಸ ಬಿರುಕು. ನೆಟ್ಟಗಿದ್ದ ಮರ, ಕರೆಂಟು ಕಂಬ ವಾಲುವುದು. ತಿಳಿಯಾಗಿದ್ದ ಒರತೆ ಕೆಂಪಾಗುವುದು, ಹರಿಯುತ್ತಿದ್ದ ತೋಡು ಇದ್ದಕ್ಕಿದ್ದ ಹಾಗೆ ನಿಲ್ಲುವುದು. ಬಾಗಿಲು ಸರಿಯಾಗಿ ಮುಚ್ಚದೇ ಇರುವುದು. ಇವನ್ನೆಲ್ಲ ಮೊದಲು ಕಾಣುವವರು ನೀವೇ. ನೀರಿಗೆ, ಸೊಪ್ಪಿಗೆ, ಸೌದೆಗೆ ಗುಡ್ಡದ ಬುಡಕ್ಕೆ ಹೋಗುವವರು ಹೆಂಗಸರು. ಕಂಡದ್ದನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಬೇಡಿ. ಮನೆ ಬಿಡಿ, ಪಂಚಾಯತಿಗೆ ಹೇಳಿ, 1077ಕ್ಕೆ ಫೋನ್ ಮಾಡಿ.

ಕಡಲು ಮತ್ತು ಕಂತು

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆದರೆ ಪಾತಿದೋಣಿಯವರಿಗೆ, ನಾಡದೋಣಿಯವರಿಗೆ ಅವಕಾಶ ಇದೆ. ಅಂದರೆ ಗಾಳಿ ಹೆಚ್ಚಿರುವ ಕಾಲದಲ್ಲಿ ಅತಿ ಸಣ್ಣ ದೋಣಿಗಳೇ ನೀರಿಗೆ ಇಳಿಯುತ್ತವೆ. ‘ಗಂಟೆಗೆ 45ರಿಂದ 55 ಕಿ.ಮೀ. ವೇಗದ ಗಾಳಿ, ಕೆಲವೊಮ್ಮೆ 65’ ಅಂತ ಎಚ್ಚರಿಕೆ ಬಂದರೆ ಆ ದಿನ ದೋಣಿ ದಡದಲ್ಲೇ ಇರಬೇಕು. ಅಲೆಯ ಎತ್ತರದ ಎಚ್ಚರಿಕೆಯನ್ನು ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಕೊಡುತ್ತದೆ. ಮಳೆಗಾಲದ ಹಿಂದೆ ಮುಂದೆ ಚಂಡಮಾರುತದ ಭಯವೂ ಇದೆ. 2019ರ ಅಕ್ಟೋಬರ್‌ನಲ್ಲಿ ‘ಕ್ಯಾರ್’, 2021ರ ಮೇ ತಿಂಗಳಲ್ಲಿ ‘ತೌಕ್ತೆ’ ನಮ್ಮ ಕಡಲಲ್ಲೇ ಹಾದುಹೋದವು.

ಇಷ್ಟು ಗೊತ್ತಿದ್ದೂ ಗಂಡಸರು ಯಾಕೆ ಹೋಗುತ್ತಾರೆ? ಧೈರ್ಯಕ್ಕಾಗಿ ಅಲ್ಲ ಸಹೋದರಿಯರೇ, ಕಂತಿಗಾಗಿ. ಬುಧವಾರ ಸಂಘದ ಸಭೆ, ಕಂತು ಕಟ್ಟದಿದ್ದರೆ ಹತ್ತು ಜನರ ಎದುರು ತಲೆ ತಗ್ಗಿಸಬೇಕು, ದಂಡ ಬೇರೆ. ಆಗ ಹೆಂಡತಿ ಗಂಡನಿಗೆ ‘ಬೇಡ, ಹೋಗಬೇಡಿ’ ಅಂತ ಹೇಳುವ ಬಾಯಿ ಕಟ್ಟಿಹೋಗುತ್ತದೆ. ನಮ್ಮ ಸಂಘದ ಶಿಸ್ತೇ ಒಬ್ಬರನ್ನು ಬಿರುಗಾಳಿಗೆ ತಳ್ಳುವ ಹಾಗಾದರೆ ಆ ಸಂಘ ಯಾತಕ್ಕೆ?

ಅದಕ್ಕೇ ಪ್ರತಿಯೊಂದು ಸಂಘವೂ ಈ ತೀರ್ಮಾನಗಳನ್ನು ಚರ್ಚಿಸಿ ನಡಾವಳಿ ಪುಸ್ತಕದಲ್ಲಿ ಬರೆಯಬೇಕೆಂದು ಕೇಳಿಕೊಳ್ಳುತ್ತೇವೆ:

1. ಕೆಂಪು ಎಚ್ಚರಿಕೆ ಅಥವಾ ಕಡಲಿಗೆ ಇಳಿಯಬೇಡಿ ಎನ್ನುವ ಎಚ್ಚರಿಕೆ ಇದ್ದ ವಾರ ಸಂಘದ ಆಂತರಿಕ ಸಾಲದ ಕಂತಿಗೆ ದಂಡ ಇಲ್ಲ. ಕಂತು ಮುಂದಿನ ವಾರಗಳಿಗೆ ಹೋಗಲಿ.

2. ಮಳೆಗಾಲದ ನಿಧಿ ಬೇರೆ ಇಡಿ. 20 ಸದಸ್ಯರು ನವೆಂಬರ್‌ನಿಂದ 30 ವಾರ ತಲಾ 10 ರೂಪಾಯಿ ಹಾಕಿದರೆ 6,000 ರೂಪಾಯಿ ಆಗುತ್ತದೆ. ತಾರ್ಪಾಲಿಗೆ, ಆಟೋ ಬಾಡಿಗೆಗೆ, ನಾಲ್ಕು ದಿನದ ಅಕ್ಕಿಗೆ ಅದು ಸಾಕು. ಹೊರಗಿನ ಬಡ್ಡಿಯವರ ಕಂತಿಗೆ ಒಬ್ಬರು ಸಿಕ್ಕಿಬಿದ್ದರೆ ಕೈಗಡ ಕೊಡಲಿಕ್ಕೂ ಬರುತ್ತದೆ.

3. ಸುದ್ದಿ ಸರಪಳಿ ಮಾಡಿ. ಸಂಜೆಯ ಮುನ್ಸೂಚನೆ ನೋಡಲು ಒಬ್ಬರು, ಅವರಿಂದ ನಾಲ್ವರಿಗೆ, ಆ ನಾಲ್ವರಿಂದ ಉಳಿದ ಮನೆಗಳಿಗೆ. ಫೋನ್ ಇಲ್ಲದ ಮನೆಗೆ ನಡೆದು ಹೋಗಿ ಹೇಳಬೇಕು. ‘ಸಚೇತ್’ ಆ್ಯಪ್‌ನಲ್ಲಿ ಸರ್ಕಾರದ ಎಚ್ಚರಿಕೆ, ‘ದಾಮಿನಿ’ಯಲ್ಲಿ ಸಿಡಿಲಿನ ಸೂಚನೆ ಸಿಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ ಹಳೇ ವಿಡಿಯೋ ನಂಬಬೇಡಿ.

4. ಯಾರ ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರು, ಬಸುರಿ, ಬಾಣಂತಿ, ನಡೆಯಲಾಗದವರು ಇದ್ದಾರೆ ಎಂದು ಪಟ್ಟಿ ಮಾಡಿ. ಒಬ್ಬೊಬ್ಬರಿಗೂ ಇಬ್ಬರು ಸದಸ್ಯರು ಜವಾಬ್ದಾರರು.

5. ರೇಷನ್ ಕಾರ್ಡ್, ಆಧಾರ್, ಪಾಸ್‌ಬುಕ್, ಔಷಧಿ, ಟಾರ್ಚು ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಬಾಗಿಲ ಹತ್ತಿರ ತೂಗಲಿ. ಸಂಘದ ಪುಸ್ತಕಗಳೂ ಎತ್ತರದ ಮನೆಯಲ್ಲಿರಲಿ.

ಕಾಳಜಿ ಕೇಂದ್ರಕ್ಕೆ ಹೋಗಲು ಹೆಂಗಸರು ಯಾಕೆ ಹಿಂಜರಿಯುತ್ತಾರೆ ಎಂದು ನಮಗೆ ಗೊತ್ತು. ಹಟ್ಟಿಯಲ್ಲಿ ದನ, ಗೂಡಿನಲ್ಲಿ ಕೋಳಿ, ಅಟ್ಟದ ಮೇಲೆ ಮಾರಲಿಕ್ಕೆ ಇಟ್ಟ ಒಣಮೀನು. ಅಲ್ಲಿ ಶೌಚಾಲಯ ಹೇಗಿದೆಯೋ, ಬಾಗಿಲಿಗೆ ಚಿಲಕ ಇದೆಯೋ ಎಂಬ ಚಿಂತೆ. ಇದು ಸಣ್ಣ ಚಿಂತೆಯಲ್ಲ. ಆದ್ದರಿಂದ ಮೇ ತಿಂಗಳಲ್ಲೇ ನಾಲ್ಕೈದು ಸದಸ್ಯರು ಪಂಚಾಯತಿಗೆ ಹೋಗಿ, ನಮ್ಮ ವಾರ್ಡಿಗೆ ಯಾವ ಶಾಲೆ, ನೀರು, ದೀಪ, ಹೆಂಗಸರಿಗೆ ಬೇರೆ ಕೋಣೆ ಇದೆಯೇ ಎಂದು ಕೇಳಿ, ಕಣ್ಣಾರೆ ನೋಡಿ ಬನ್ನಿ. ಗ್ರಾಮಸಭೆಯಲ್ಲಿ ಬರೆಸಿ. ದನದ ಹಗ್ಗ ಮಾತ್ರ ಬಿಚ್ಚಿಡಿ, ನೀರು ಬಂದರೆ ಅವು ಈಜಿ ದಡ ಸೇರುತ್ತವೆ. ಕಟ್ಟಿಹಾಕಿದರೆ ಉಳಿಯೋದಿಲ್ಲ.

ನೋಹನ ಕಥೆ ನಿಮಗೆಲ್ಲ ಗೊತ್ತು. ಅವನು ನಾವೆ ಕಟ್ಟಿದ್ದು ಮಳೆ ಶುರುವಾದ ಮೇಲೆ ಅಲ್ಲ, ಮುಂಚೆಯೇ. ಮುನ್ಸೂಚನೆ ಹತ್ತು ಸಲ ತಪ್ಪಬಹುದು. ಹತ್ತು ಸಲವೂ ಮನೆ ಬಿಟ್ಟು ಮರಳಿ ಬಂದರೆ ನಮಗೆ ಆದ ನಷ್ಟ ಹತ್ತು ರಾತ್ರಿಯ ನಿದ್ದೆ. ಹನ್ನೊಂದನೇ ಸಲ ಹೋಗದಿದ್ದರೆ ಏನಾಗಬಹುದು ಎಂದು ಮುಟ್ಟಳ್ಳಿ, ಶಿರೂರು ನಮಗೆ ಹೇಳಿವೆ.

ಮುಂದಿನ ಸಭೆಗೆ ಬರುವಾಗ ನಿಮ್ಮ ಸಂಘದ ನಡಾವಳಿ ಪುಸ್ತಕ ತನ್ನಿ. ಈ ಐದರಲ್ಲಿ ಎಷ್ಟು ಬರೆದಿದ್ದೀರಿ ಅಂತ ಒಟ್ಟಿಗೆ ಕೂತು ನೋಡೋಣ. ದೇವರು ನಿಮ್ಮ ಮನೆ, ಮಕ್ಕಳು, ದೋಣಿ, ಗದ್ದೆ ಎಲ್ಲವನ್ನೂ ಕಾಪಾಡಲಿ.