ಹಲ್ಲಿನ ಇಂಪ್ಲಾಂಟ್ ಮತ್ತು ಅದರ ಸುತ್ತಲಿನ ವಸಡು

(ಸುವರ್ಣ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಹಲ್ಲಿನ ಡಾಕ್ಟರು ಮಾತಾಡಲು ನಿಂತರೆ ಸಭೆಯಲ್ಲಿ ಎಲ್ಲರೂ ಬಾಯಿ ಮುಚ್ಚಿ ಕೂರುತ್ತಾರೆ. ಅದೊಂದು ಅನುಕೂಲ. ಸಮಯ ಕಡಿಮೆ ಇರುವುದರಿಂದ ಒಂದೇ ವಿಷಯ ಹೇಳುತ್ತೇನೆ.

ಪುತ್ತೂರು, ಸುಳ್ಯ, ಕಡಬದ ಕಡೆಯವರು ಇಂಪ್ಲಾಂಟ್ ಅಂದ ಕೂಡಲೇ ಕೇಳುವುದು, "ಡಾಕ್ಟ್ರೇ, ಎಷ್ಟು ವರ್ಷ ಬಾಳಿಕೆ ಬರ್ತದೆ?" ಅಡಿಕೆ ಮಾರಿದ ದುಡ್ಡಿನಲ್ಲಿ ಒಂದು ಪಾಲು ಬಾಯಿಗೆ ಹಾಕುವವರು ಹಾಗೆ ಕೇಳುವುದು ನ್ಯಾಯವೇ. ಬೇಲಿಯ ಮರದ ಕಂಬ ನೋಡಿ. ಅದು ಮೊದಲು ಕುಂಬಾಗುವುದು ನೆಲದ ಮಟ್ಟದಲ್ಲಿ. ಇಂಪ್ಲಾಂಟಿಗೂ ಹೆಚ್ಚಿನ ತೊಂದರೆ ಶುರುವಾಗುವುದು ಅದು ವಸಡು ದಾಟಿ ಹೊರಬರುವ ಕೆಲವೇ ಮಿಲಿಮೀಟರಿನಲ್ಲಿ.

ಮೂಳೆಯ ವಿಷಯದಲ್ಲಿ ನಮಗೆ ಚಿಂತೆ ಕಡಿಮೆ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಉಪಕರಣ ಹಾಕಿ ರಕ್ತಸಂಚಾರ ನೋಡುತ್ತಿದ್ದರು. ಆಮೇಲೆ ತೆಗೆಯಹೋದರೆ ಬರಲಿಲ್ಲ. ಮೂಳೆ ಅದನ್ನು ಹಿಡಿದುಕೊಂಡಿತ್ತು. 1965ರಲ್ಲಿ ಅವರು ಮನುಷ್ಯನ ದವಡೆಗೆ ಟೈಟಾನಿಯಂ ಇಂಪ್ಲಾಂಟ್ ಹಾಕಿದರು. ಗಾಳಿ ತಾಗಿದ ಕೂಡಲೇ ಟೈಟಾನಿಯಂ ಮೇಲೆ ಆಕ್ಸೈಡಿನ ತೆಳು ಪದರ ಕಟ್ಟುತ್ತದೆ. ಮೂಳೆ ಅದರೊಂದಿಗೆ ಹೊಂದಿಕೊಳ್ಳಲು ಆ ಪದರವೇ ಮುಖ್ಯ ಕಾರಣ.

ವಸಡಿನ ಕತೆ ಬೇರೆ. ನಮ್ಮ ಸ್ವಂತ ಹಲ್ಲಿನ ಬೇರಿಗೆ ವಸಡಿನ ನಾರುಗಳು ಅಡ್ಡಲಾಗಿ ನಾಟಿಕೊಂಡಿರುತ್ತವೆ. ಇಂಪ್ಲಾಂಟಿಗೆ ಹಾಗೆ ನಾಟುವುದಿಲ್ಲ, ಬರೇ ಅಂಗಿಯ ಕಾಲರಿನ ಹಾಗೆ ಸುತ್ತ ನಿಂತಿರುತ್ತವೆ. ಅಲ್ಲಿ ರಕ್ತನಾಳಗಳೂ ಕಡಿಮೆ. ಹಾಗಾಗಿ ಕೊಳೆ ಒಳಗಿಳಿದರೆ ತಡೆ ಕಡಿಮೆ.

ಮೂಳೆಯೊಳಗಿನ ಭಾಗ ಒರಟಾಗಿದ್ದರೆ ಮೂಳೆಗೆ ಹಿಡಿತ ಸಿಗುತ್ತದೆ. ಅದೇ ಒರಟು ವಸಡಿನ ಮಟ್ಟದಲ್ಲಿದ್ದರೆ ಬ್ಯಾಕ್ಟೀರಿಯಾಕ್ಕೆ ಹಿಡಿತ. ಅದಕ್ಕೇ ವಸಡು ದಾಟುವ ತುಂಡನ್ನು, ನಾವು ಅಬಟ್‌ಮೆಂಟ್ ಅನ್ನುತ್ತೇವೆ, ನಯವಾಗಿ ಪಾಲಿಶ್ ಮಾಡಿರುತ್ತಾರೆ. ಒರಟುತನ 0.2 ಮೈಕ್ರೋಮೀಟರ್ ಮೀರಿದರೆ ಕೊಳೆ ಹೆಚ್ಚು ಕೂರುತ್ತದೆ. ಅದಕ್ಕಿಂತಲೂ ನಯ ಮಾಡಿ ದೊಡ್ಡ ಲಾಭವಿಲ್ಲ. ಈಗ ಬಿಳಿಯ ಜಿರ್ಕೋನಿಯಾ ಬಂದಿದೆ. ತೆಳು ವಸಡಿನ ಮೂಲಕ ಲೋಹದ ಬೂದು ಛಾಯೆ ಕಾಣುವುದಿಲ್ಲ, ಬ್ಯಾಕ್ಟೀರಿಯಾ ಕಡಿಮೆ ಕೂತದ್ದನ್ನು ಕೆಲವು ಅಧ್ಯಯನಗಳು ತೋರಿಸಿವೆ. ಎದುರಿನ ಹಲ್ಲಿಗೆ ನಾನೂ ಅದನ್ನೇ ಹೇಳುತ್ತೇನೆ. ಹಿಂದಿನ ದವಡೆ ಹಲ್ಲಿಗೆ ಅದಕ್ಕಾಗಿ ಹೆಚ್ಚು ಹಣ ಸುರಿಯುವುದು ಬೇಡ ಎಂಬುದು ನನ್ನ ಅಭಿಪ್ರಾಯ. ಒಳ್ಳೆಯ ಟೈಟಾನಿಯಂ ಸಾಕು.

ಇನ್ನೊಂದು ವಸ್ತುವನ್ನು ಯಾರೂ ಕೇಳುವುದಿಲ್ಲ: ಕ್ಯಾಪ್ ಅಂಟಿಸುವ ಸಿಮೆಂಟು. ಅದರ ಚೂರು ವಸಡಿನಡಿ ಉಳಿದರೆ ಕೀವಾಗಬಹುದು. ಸ್ಕ್ರೂನಿಂದ ಬಿಗಿಯುವ ಕ್ಯಾಪಿಗೆ ಈ ಕಾಟವಿಲ್ಲ. ನಿಮಗೆ ಯಾವುದು ಹಾಕುತ್ತಾರೆ ಎಂದು ಧೈರ್ಯವಾಗಿ ಕೇಳಿ.

ಬ್ರಶ್ ತಾಗಿದಾಗ ರಕ್ತ ಬಂದರೆ ಅದು ಮೊದಲ ಸೂಚನೆ. ಆಗಲೇ ಶುಚಿ ಮಾಡಿಸಿದರೆ ವಸಡು ಸರಿಯಾಗುತ್ತದೆ. ಬಿಟ್ಟರೆ ಸುತ್ತಲಿನ ಮೂಳೆ ಕರಗುತ್ತದೆ, ಅದೂ ಹೆಚ್ಚಾಗಿ ನೋವಿಲ್ಲದೆ. ಹೋದ ಮೂಳೆಯನ್ನು ಪೂರ್ತಿ ತರುವುದು ಕಷ್ಟ. ಕೊಳೆರೋಗ ಬರುವ ಮೊದಲೇ ತೋಟಕ್ಕೆ ಬೋರ್ಡೋ ಹೊಡೆಯುವ ನಮ್ಮವರು, "ಇದು ಲೋಹದ್ದು, ಹುಳ ಹಿಡಿಯುವುದಿಲ್ಲವಲ್ಲ" ಎಂದು ಬ್ರಶ್ ಮಾಡುವುದನ್ನೇ ಬಿಡುತ್ತಾರೆ!

ಅಡಿಕೆಯ ದುಡ್ಡಿನಲ್ಲೇ ಓದಿದವನು ನಾನು, ಆದರೂ ಹೇಳಬೇಕು. ಅಡಿಕೆ ಜಗಿದು ಕೆನ್ನೆಯ ಒಳಭಾಗ ಗಟ್ಟಿಯಾದವರಿಗೆ ಬಾಯಿ ಪೂರ್ತಿ ತೆರೆಯಲಾಗುವುದಿಲ್ಲ. ಇಂಪ್ಲಾಂಟ್ ಹಾಕುವುದೂ ಕಷ್ಟ, ಹಾಕಿದರೆ ಹಿಂದಕ್ಕೆ ಬ್ರಶ್ ಮುಟ್ಟಿಸುವುದೂ ಕಷ್ಟ. ಬೀಡಿ, ಸಿಗರೇಟು, ಹಿಡಿತವಿಲ್ಲದ ಸಕ್ಕರೆ ಕಾಯಿಲೆ ಇದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ತಪಾಸಣೆಗೆ ಈಗ ಮಂಗಳೂರು, ಮಣಿಪಾಲದ ಬಸ್ಸು ಹತ್ತಬೇಕಿಲ್ಲ. ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ಕೆ.ವಿ.ಜಿ. ದಂತ ವೈದ್ಯಕೀಯ ಕಾಲೇಜು ಸುಳ್ಯದಲ್ಲೇ ಇದೆ. ಇಂಪ್ಲಾಂಟಿನ ಕಂಪೆನಿ, ಅಳತೆ ಬರೆದ ಕಾರ್ಡನ್ನು ಆಧಾರ್ ಕಾರ್ಡಿನೊಟ್ಟಿಗೇ ಇಟ್ಟುಕೊಳ್ಳಿ. ಒಂದು ಕಂಪೆನಿಯ ಸ್ಕ್ರೂ ಇನ್ನೊಂದಕ್ಕೆ ಸಾಮಾನ್ಯವಾಗಿ ಹೊಂದುವುದಿಲ್ಲ. ಊಟದ ನಂತರ ಎಂಟನೇ ತರಗತಿಯ ಕೋಣೆಯಲ್ಲಿ ಇರುತ್ತೇನೆ, ಕಾರ್ಡ್ ಇದ್ದವರು ತನ್ನಿ.